ಆ ಸೋಲಿನ ಗೂಬೆಯನ್ನು ಪಾಬ್ಲೊ ಪೆರೆಸ್ ತಲೆ ಮೇಲೆ ಕೂರಿಸಬೇಡಿ

ನಮ್ಮ ಫುಟ್‌ಬಾಲ್ ಕ್ಲಬ್ ಬೆಂಗಳೂರು ಎಫ್‌ಸಿ ಫೈನಲ್ ಸೋತಾಗಲೆಲ್ಲ ಅಭಿಮಾನಿಗಳು ರೆಫರಿಯನ್ನೋ ಒಬ್ಬ ಆಟಗಾರನನ್ನೋ ಹಿಡಿದು ಬೈಯುವುದು ಯಾಕೆ, 2023ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ನ ಸೋಲಿಗೆ ನಿಜಕ್ಕೂ ಯಾರು ಹೊಣೆ ಎಂದು ಕೇಳಿದ್ದೀರಿ. ಕಂಠೀರವದ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಕೂಗುವವರಲ್ಲಿ ನಾನೂ ಒಬ್ಬ. ನನ್ನ ಉತ್ತರ ನಮ್ಮವರಲ್ಲಿ ಹಲವರಿಗೆ ಹಿಡಿಸಲಿಕ್ಕಿಲ್ಲ: ನಮ್ಮ ಆಟಗಾರ ಪೆರೆಸ್ ಮೇಲಿನ ಸಿಟ್ಟು ಅನ್ಯಾಯ, ರೆಫರಿ ಮೇಲಿನ ಸಿಟ್ಟು ಅರ್ಧ ನ್ಯಾಯ.

ಪಂದ್ಯ ನೋಡದವರಿಗಾಗಿ ನಡೆದದ್ದನ್ನು ಹೇಳಿಬಿಡುತ್ತೇನೆ. 2023ರ ಮಾರ್ಚ್ 18, ಗೋವಾದ ಫಾತೋರ್ಡಾ, ಎದುರಾಳಿ ಎಟಿಕೆ ಮೋಹನ್ ಬಗಾನ್. ಆಟ ಶುರುವಾಗಿ ಕೆಲವೇ ನಿಮಿಷಗಳಲ್ಲಿ ನಮ್ಮ ಶಿವಶಕ್ತಿ ಗಾಯಗೊಂಡು ಹೊರಗೆ ಹೋದ, ಬೆಂಚಿನಲ್ಲಿದ್ದ ಸುನಿಲ್ ಛೆಟ್ರಿ ಒಳಗೆ ಬಂದರು. 14ನೇ ನಿಮಿಷದಲ್ಲಿ ಕಾರ್ನರ್ ತಡೆಯುವಾಗ ನಮ್ಮ ರಾಯ್ ಕೃಷ್ಣನ ಕೈಗೆ ಚೆಂಡು ತಾಗಿ ಪೆನಾಲ್ಟಿ, ಬಗಾನ್‌ನ ಪೆಟ್ರಾಟೋಸ್ ಗೋಲು. ವಿರಾಮಕ್ಕೆ ಮುಂಚೆ ಅದೇ ಕೃಷ್ಣನನ್ನು ಬಾಕ್ಸ್‌ನಲ್ಲಿ ಬೀಳಿಸಿದ್ದಕ್ಕೆ ನಮಗೆ ಪೆನಾಲ್ಟಿ, ಛೆಟ್ರಿ ಗೋಲು. 78ನೇ ನಿಮಿಷದಲ್ಲಿ ಕಾರ್ನರ್‌ನಿಂದ ಬಂದ ಚೆಂಡಿಗೆ ಕೃಷ್ಣ ತಲೆ ಕೊಟ್ಟ, 2-1. ಏಳೇ ನಿಮಿಷ. 85ರಲ್ಲಿ ಬಗಾನ್‌ನ ಕಿಯಾನ್ ನಾಸಿರಿಯನ್ನು ಪೆರೆಸ್ ಬೀಳಿಸಿದ, ರೆಫರಿ ಹರೀಶ್ ಕುಂಡು ಪೆನಾಲ್ಟಿ ಕೊಟ್ಟರು, ಪೆಟ್ರಾಟೋಸ್ ಮತ್ತೆ ಗೋಲು. ಹೆಚ್ಚುವರಿ ಸಮಯದಲ್ಲಿ ಏನೂ ಆಗಲಿಲ್ಲ. ಶೂಟೌಟ್‌ನಲ್ಲಿ ನಮ್ಮ ಬ್ರೂನೊ ರಾಮಿರೆಸ್ ಒದ್ದದ್ದನ್ನು ಬಗಾನ್ ಗೋಲ್‌ಕೀಪರ್ ವಿಶಾಲ್ ಕೈಥ್ ತಡೆದರು, ನಮ್ಮ ಐದನೆಯದನ್ನು ಪೆರೆಸ್ ಗೋಲುಕಂಬದ ಮೇಲಕ್ಕೆ ಒದ್ದ. 4-3ಕ್ಕೆ ಸೋತೆವು.

ಅವತ್ತು ರಾತ್ರಿ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಪೆರೆಸ್‌ಗೆ ಸಿಕ್ಕ ಬೈಗುಳಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಆದರೆ ಮೇಲಿನ ವಿವರವನ್ನೇ ಇನ್ನೊಮ್ಮೆ ಓದಿ. ಪೆನಾಲ್ಟಿ ಬಿಟ್ಟುಕೊಟ್ಟವರು ಇಬ್ಬರು, ಪೆರೆಸ್ ಮತ್ತು ಕೃಷ್ಣ. ಶೂಟೌಟ್‌ನಲ್ಲಿ ತಪ್ಪಿದವರೂ ಇಬ್ಬರು, ಪೆರೆಸ್ ಮತ್ತು ಬ್ರೂನೊ. ಕೃಷ್ಣನ ಹ್ಯಾಂಡ್‌ಬಾಲ್ ಯಾರ ಬಾಯಲ್ಲೂ ಬರುವುದಿಲ್ಲ, ಯಾಕೆಂದರೆ ಅದನ್ನು ತೀರಿಸಲು ಅವನಿಗೆ ಎಪ್ಪತ್ತಕ್ಕೂ ಹೆಚ್ಚು ನಿಮಿಷ ಉಳಿದಿದ್ದವು, ಅವನು ತೀರಿಸಿದ. ಬ್ರೂನೊ ತಪ್ಪಿದ ಮೇಲೂ ಒದೆಯಲು ಇನ್ನಿಬ್ಬರಿದ್ದರು. ಪೆರೆಸ್ ತಪ್ಪಿದ ಮೇಲೆ ಏನೂ ಉಳಿದಿರಲಿಲ್ಲ. ಅಭಿಮಾನಿಗಳ ಕೋರ್ಟಿನಲ್ಲಿ ಶಿಕ್ಷೆಯಾಗುವುದು ದೊಡ್ಡ ತಪ್ಪಿಗಲ್ಲ, ಕಡೆಯ ತಪ್ಪಿಗೆ. ಐದನೇ ಒದೆತಕ್ಕೆ ಮುಂದೆ ಬಂದವನಿಗೆ ಈ ಅಪಾಯ ಗೊತ್ತಿರುತ್ತದೆ, ಗೊತ್ತಿದ್ದೇ ಬರುತ್ತಾನೆ. ಹಾಗೆ ಬಂದವನನ್ನು ವರ್ಷಗಟ್ಟಲೆ ಹಂಗಿಸುವುದು ನನಗೆ ಸಹಿಸಲಾಗದ ವಿಷಯ.

ಇನ್ನು ರೆಫರಿ. ರಿಪ್ಲೇ ನೋಡಿದಾಗ ಪೆರೆಸ್ ಕಾಲು ತಾಗಿದ್ದು ಪೆನಾಲ್ಟಿ ಬಾಕ್ಸಿನ ಗೆರೆಯ ಹೊರಗೆ ಅಂತಲೇ ನನಗೆ ಕಂಡಿತು, ಇವತ್ತಿಗೂ ಹಾಗೇ ಕಾಣುತ್ತದೆ. ಐಎಸ್‌ಎಲ್‌ನಲ್ಲಿ ಆಗ ವಿಎಆರ್ (ವಿಡಿಯೊ ನೋಡಿ ತೀರ್ಪು ಪರಿಶೀಲಿಸುವ ವ್ಯವಸ್ಥೆ) ಇರಲಿಲ್ಲ. ಕ್ಲಬ್ಬಿನ ಮಾಲೀಕ ಪಾರ್ಥ್ ಜಿಂದಾಲ್ ಅದನ್ನು ತರಬೇಕೆಂದು ಬಹಿರಂಗವಾಗಿಯೇ ಒತ್ತಾಯಿಸಿದರು. ಸರಿಯಾದ ಒತ್ತಾಯ. ಓಡುತ್ತಲೇ ಒಂದು ಕೋನದಿಂದ, ಒಂದೇ ಸಲ ನೋಡಿದ ಮನುಷ್ಯನ ಮೇಲೆ ಇಡೀ ಸೀಸನ್ನಿನ ಭಾರ ಹೇರುವುದು ವ್ಯವಸ್ಥೆಯ ತಪ್ಪು. ಕುಂಡು ಬಗಾನ್‌ಗೆ ಮಾರಿಹೋಗಿದ್ದರು ಎನ್ನುವುದು ಬೇರೆ ಮಾತು, ಅದಕ್ಕೆ ಯಾರ ಹತ್ತಿರವೂ ಆಧಾರವಿಲ್ಲ.

ಅಷ್ಟೇ ಅಲ್ಲ, ಆ ಫೈನಲ್‌ಗೆ ಹದಿನೈದು ದಿನ ಮೊದಲು ಏನಾಯಿತು ಎಂಬುದನ್ನು ನಮ್ಮವರು ನೆನೆಯುವುದೇ ಇಲ್ಲ. ಮಾರ್ಚ್ 3ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ನಾಕೌಟ್. ಹೆಚ್ಚುವರಿ ಸಮಯದ 96ನೇ ನಿಮಿಷದಲ್ಲಿ, ಕೇರಳದವರು ಗೋಡೆ ಕಟ್ಟುತ್ತಿರುವಾಗಲೇ ಛೆಟ್ರಿ ಫ್ರೀಕಿಕ್ ಒದ್ದು ಗೋಲು ಮಾಡಿದರು. ರೆಫರಿ ಕ್ರಿಸ್ಟಲ್ ಜಾನ್ ಗೋಲು ಎಂದರು. ಕೇರಳದ ಕೋಚ್ ವುಕೊಮನೋವಿಚ್ ತಂಡವನ್ನೇ ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು. ಆಮೇಲೆ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯಗಳ ನಿಷೇಧ. ಆ ದಿನ ನಾವೆಲ್ಲ ಹೇಳಿದ್ದು ಒಂದೇ ಮಾತು: ರೆಫರಿ ಹೇಳಿದ ಮೇಲೆ ಮುಗಿಯಿತು, ಸೀಟಿ ಕೇಳುವ ತನಕ ಆಡಬೇಕು. ಕೇರಳದ ಅಭಿಮಾನಿಗಳು ಇವತ್ತಿಗೂ ಆ ಗೋಲನ್ನು ಒಪ್ಪುವುದಿಲ್ಲ, ಅವರ ನೋವು ನನಗೆ ಅರ್ಥವಾಗುತ್ತದೆ. ಆ ರೆಫರಿಯ ತೀರ್ಪು ನಮ್ಮನ್ನು ಮುಂದಕ್ಕೆ ಕಳಿಸಿದಾಗ ಚಪ್ಪಾಳೆ ಹೊಡೆದವರಿಗೆ, ಇನ್ನೊಬ್ಬ ರೆಫರಿಯ ತೀರ್ಪು ತಡೆದಾಗ ಪಿತೂರಿ ಎನ್ನುವ ಹಕ್ಕಿಲ್ಲ.

ಹಾಗಾದರೆ ಹೊಣೆ ಯಾರದು? ನನ್ನ ಲೆಕ್ಕದಲ್ಲಿ, ಪೆನಾಲ್ಟಿ, ಕಾರ್ನರ್‌ಗಳ ನೆರವಿಲ್ಲದೆ ಆಟದ ನಡುವೆಯೇ ಗೋಲು ಹುಟ್ಟಿಸಲಾಗದ ನಮ್ಮ ಇಡೀ ತಂಡದ್ದು. ಆ ಫೈನಲ್‌ನ ನಾಲ್ಕು ಗೋಲುಗಳಲ್ಲಿ ಮೂರು ಪೆನಾಲ್ಟಿ, ಒಂದು ಕಾರ್ನರ್. 120 ನಿಮಿಷ ಆಡಿಯೂ ಪಾಸ್ ಪೋಣಿಸಿ ಒಂದು ಗೋಲನ್ನೂ ನಾವು ಕಟ್ಟಲಿಲ್ಲ. ಬಗಾನ್ ಕೂಡ ಕಟ್ಟಲಿಲ್ಲ, ನಿಜ. ಆದರೆ ಪಂದ್ಯವನ್ನು ಸೀಟಿಗೆ, ಗೆರೆಗೆ, ಪೆನಾಲ್ಟಿಯ ಹನ್ನೆರಡು ಗಜಕ್ಕೆ ಬಿಟ್ಟುಕೊಟ್ಟ ಮೇಲೆ ಯಾವ ಕಡೆಗಾದರೂ ವಾಲಬಹುದು. ಶಿವಶಕ್ತಿ ಇದ್ದಿದ್ದರೆ ಡಿಫೆಂಡರ್‌ಗಳ ಬೆನ್ನ ಹಿಂದೆ ಓಡಿ ಜಾಗ ಮಾಡುತ್ತಿದ್ದ. ಆ ಗಾಯಕ್ಕೆ ಯಾರನ್ನೂ ದೂರಲಾಗದು. ಅವನಿಲ್ಲದಿದ್ದಾಗ ಬೇರೆ ದಾರಿ ಸಿದ್ಧವಿರಬೇಕಿತ್ತು, ಅದನ್ನು ಆಗಿನ ನಮ್ಮ ಕೋಚ್ ಸೈಮನ್ ಗ್ರೇಸನ್‌ರನ್ನು ಕೇಳಬಹುದು. ಆದರೆ ಲೀಗಿನ ಕೊನೆಯ ಎಂಟು ಪಂದ್ಯಗಳನ್ನು ಸಾಲಾಗಿ ಗೆದ್ದು ತಂಡವನ್ನು ಅಲ್ಲಿಯವರೆಗೆ ತಂದವರೂ ಅವರೇ. ಅದಕ್ಕೇ ನನಗೆ ಅವರ ಮೇಲೂ ಪೂರ್ತಿ ಸಿಟ್ಟು ಬರುವುದಿಲ್ಲ.

ನಿಜವಾಗಿ ಬೈಯಬಹುದಾದ ಸೋಲು ಬೇಕಾದರೆ 2018ರದ್ದನ್ನು ತೆಗೆದುಕೊಳ್ಳಿ. ನಮ್ಮದೇ ಕಂಠೀರವ, 18 ಪಂದ್ಯಗಳಲ್ಲಿ 40 ಅಂಕ ಪಡೆದು ಲೀಗಿನ ತುದಿಯಲ್ಲಿದ್ದ ತಂಡ, 9ನೇ ನಿಮಿಷಕ್ಕೇ ಛೆಟ್ರಿಯ ಹೆಡರ್. ಆಮೇಲೆ ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಮೊದಲರ್ಧದಲ್ಲೇ ಎರಡು ಸಲ ಕಾರ್ನರ್‌ಗೆ ತಲೆ ಕೊಟ್ಟು ಗೋಲು ಮಾಡಿದ. ಒಮ್ಮೆ ಆದರೆ ಎದುರಾಳಿಯ ಹೆಚ್ಚುಗಾರಿಕೆ. ಅದೇ ಆಸಾಮಿ, ಅದೇ ರೀತಿ, ಎರಡನೇ ಸಲ ಆದರೆ ಅದು ಎದುರಾಳಿಯನ್ನು ಅಂಟಿಕೊಂಡು ಕಾಯುವ ನಮ್ಮ ಮಾರ್ಕಿಂಗ್‌ನ ಸೋಲು, ಮೈದಾನದಲ್ಲೂ ಬೆಂಚಿನಲ್ಲೂ. 3-2ಕ್ಕೆ ಸೋತೆವು. ಅಲ್ಲಿ ರೆಫರಿ ಹೆಸರು ಯಾರಿಗೂ ನೆನಪಿಲ್ಲ, ನೆನಪಿಡುವ ಅಗತ್ಯವೂ ಇಲ್ಲ. ನಮ್ಮನ್ನು ಸೋಲಿಸಿದ ಕಾರ್ನರೇ ಮರುವರ್ಷ ಗೆಲ್ಲಿಸಿತು: ಮುಂಬೈನಲ್ಲಿ ಎಫ್‌ಸಿ ಗೋವಾ ವಿರುದ್ಧದ ಫೈನಲ್‌ನ 117ನೇ ನಿಮಿಷದಲ್ಲಿ, ದಿಮಾಸ್ ಡೆಲ್ಗಾಡೊ ಕೊಟ್ಟ ಕಾರ್ನರ್‌ಗೆ ರಾಹುಲ್ ಭೇಕೆ ತಲೆ ಕೊಟ್ಟು ಕಪ್ ತಂದುಕೊಟ್ಟ.

2025ರ ಏಪ್ರಿಲ್‌ನಲ್ಲಿ ಕೋಲ್ಕತ್ತಾದ ಸಾಲ್ಟ್ ಲೇಕ್‌ನಲ್ಲಿ ಮತ್ತೆ ಫೈನಲ್, ಮತ್ತೆ ಬಗಾನ್, ಮತ್ತೆ ನಮಗೆ ಮುನ್ನಡೆ, ನಮ್ಮ ಚಿಂಗ್ಲೆನ್ಸಾನಾ (ಸಾನಾ) ಸಿಂಗ್ ಕೈಗೆ ಚೆಂಡು ತಾಗಿ ಮತ್ತೆ ಪೆನಾಲ್ಟಿ, ಹೆಚ್ಚುವರಿ ಸಮಯದಲ್ಲಿ ಬಗಾನ್‌ನ ಮೆಕ್ಲಾರೆನ್ ಗೋಲಿನಿಂದ 2-1ರ ಸೋಲು. ನಮ್ಮ ಗೋಲು ಕೂಡ ಅವರ ಡಿಫೆಂಡರ್ ಆಲ್ಬರ್ಟೊ ರೊಡ್ರಿಗೆಸ್ ತಮ್ಮದೇ ಬಲೆಗೆ ಹಾಕಿಕೊಂಡದ್ದು. ಎರಡು ವರ್ಷ ಕಳೆದರೂ ಫೈನಲ್‌ನಲ್ಲಿ ನಾವೇ ಕಟ್ಟಿದ ಗೋಲು ಬರಲಿಲ್ಲ. ಆ ರಾತ್ರಿ ಗುಂಪಿನಲ್ಲಿ ಬೈಗುಳಗಳು ಸಾನಾ ಕಡೆಗೆ ತಿರುಗಿದಾಗ ನಾನು ಇದನ್ನೇ ಬರೆದು ಹಾಕಿದೆ. ಕೆಲವರು ಒಪ್ಪಿದರು, ಒಂದಿಬ್ಬರು ಗುಂಪು ಬಿಟ್ಟು ಹೋದರು.