ವಾರದ ರಸಪ್ರಶ್ನೆಯಲ್ಲಿ ನನ್ನ ಅಂಕ ಅರ್ಧದ ಆಚೆ ಏರುತ್ತಿಲ್ಲ. ನೆನಪಿನ ಶಕ್ತಿಯೇ ಕಡಿಮೆಯೇ?

ವಾರಕ್ಕೊಮ್ಮೆ ಇಪ್ಪತ್ತು ಪ್ರಶ್ನೆಗಳ ಸಾಮಾನ್ಯ ಜ್ಞಾನದ ರಸಪ್ರಶ್ನೆಗೆ ಉತ್ತರಿಸುತ್ತಿದ್ದೀರಿ, ವರ್ಷ ಕಳೆದರೂ ಒಂಬತ್ತು ಹತ್ತು ಅಂಕಗಳಲ್ಲೇ ನಿಂತಿದ್ದೀರಿ, ಸಾಮಾನ್ಯ ಜ್ಞಾನದ ದಪ್ಪ ಪುಸ್ತಕವೊಂದನ್ನು ಎರಡು ಸಲ ಓದಿದರೂ ಪ್ರಯೋಜನವಾಗಿಲ್ಲ, ಗೊತ್ತಿಲ್ಲದ ಪ್ರಶ್ನೆಗೆ ಊಹಿಸಿ ಬರೆಯಬೇಕೋ ಬಿಡಬೇಕೋ ಎಂಬುದೂ ತಿಳಿಯುತ್ತಿಲ್ಲ ಎಂದು ಬರೆದಿದ್ದೀರಿ. ನಾನು ಹದಿನಾಲ್ಕು ವರ್ಷಗಳಿಂದ ಇಂಥ ರಸಪ್ರಶ್ನೆಗಳನ್ನು ವಾರ ತಪ್ಪಿಸದೆ ಬಿಡಿಸುತ್ತ ಬಂದಿದ್ದೇನೆ. ಮೊದಲ ಮೂರು ವರ್ಷ ನನ್ನ ಪಾಡೂ ಇದೇ ಆಗಿತ್ತು. ನಿಮ್ಮ ನೆನಪಿನಲ್ಲಿ ಏನೋ ಊನವಿದೆ ಎಂದು ನನಗೆ ಅನ್ನಿಸುವುದಿಲ್ಲ. ಉತ್ತರಗಳನ್ನು ಸರಿನೋಡಿದ ಮೇಲಿನ ಅರ್ಧ ಗಂಟೆ ನಿಮ್ಮ ಕೈತಪ್ಪಿ ಹೋಗುತ್ತಿದೆ ಎಂಬುದು ನನ್ನ ಊಹೆ.

ಹೆಚ್ಚಿನವರು ಸರಿಯುತ್ತರಗಳ ಮೇಲೆ ಕಣ್ಣಾಡಿಸುತ್ತಾರೆ, ತಪ್ಪಿದ ಕಡೆ “ಛೆ, ನಾಲಿಗೆಯ ತುದಿಯಲ್ಲೇ ಇತ್ತು” ಎಂದುಕೊಳ್ಳುತ್ತಾರೆ, ಅಂಕ ಕೂಡಿಸಿ ಹಾಳೆ ಮಡಚಿಡುತ್ತಾರೆ. ಓದಿದ ಮಾತ್ರಕ್ಕೆ ಉತ್ತರ ತಮ್ಮದಾಯಿತು ಎಂಬ ನಂಬಿಕೆ ಇದರ ಹಿಂದಿದೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹಾಸ್ ಅವರು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಯಾವ ಅವಧಿಗೆ ಎಷ್ಟು ಮರೆತುಹೋಗುತ್ತದೆಂದು ಅಳೆದು, 1885ರಲ್ಲಿ ಪ್ರಕಟಿಸಿದರು. ಕಲಿತದ್ದರ ದೊಡ್ಡ ಪಾಲು ಮೊದಲ ದಿನವೇ ಅಳಿಸಿಹೋಗುತ್ತದೆ, ಆಮೇಲೆ ಮರೆವು ನಿಧಾನವಾಗುತ್ತದೆ ಎಂಬುದು ಅವರಿಗೆ ಕಂಡುಬಂದ ಸಂಗತಿ. ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರವಾದದ್ದು ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗ. ವಿದ್ಯಾರ್ಥಿಗಳಲ್ಲಿ ಕೆಲವರು ಒಂದು ಗದ್ಯಭಾಗವನ್ನು ಮತ್ತೆ ಮತ್ತೆ ಓದಿದರು, ಉಳಿದವರು ಓದಿದ್ದನ್ನು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರು ಮುಂದಿದ್ದರು. ಒಂದು ವಾರದ ನಂತರ ಪರೀಕ್ಷಿಸಿದಾಗ ನೆನಪಿನಿಂದ ಬರೆದವರು ಮುಂದಿದ್ದರು. ಎರಡು ರಸಪ್ರಶ್ನೆಗಳ ನಡುವೆ ನಿಮಗೆ ಸಿಗುವುದೂ ಒಂದು ವಾರವೇ. ಆ ದಪ್ಪ ಪುಸ್ತಕ ಯಾಕೆ ನಿಮ್ಮ ಕೈಹಿಡಿಯಲಿಲ್ಲ ಎಂಬುದಕ್ಕೆ ಕಾರಣ ಇಲ್ಲಿದೆ.

ನಾನು ಮಾಡುವುದು ಇಷ್ಟು. ತಪ್ಪಿದ ಪ್ರಶ್ನೆಗಳನ್ನು ನನ್ನದೇ ಮಾತಿನಲ್ಲಿ ನೋಟ್‌ಬುಕ್ಕಿನ ಒಂದು ಪುಟದಲ್ಲಿ ಬರೆದು, ಉತ್ತರಗಳನ್ನು ಪುಟದ ಹಿಂಬದಿಗೆ ಬರೆಯುತ್ತೇನೆ. ಮರುದಿನ ಒಮ್ಮೆ, ಮುಂದಿನ ವಾರದ ರಸಪ್ರಶ್ನೆಗೆ ಕೂರುವ ಮುನ್ನ ಇನ್ನೊಮ್ಮೆ, ಹಿಂಬದಿ ನೋಡದೆ ಉತ್ತರಿಸುತ್ತೇನೆ. ಎರಡು ಸಲವೂ ಸರಿಯಾದದ್ದಕ್ಕೆ ಗೆರೆ ಹೊಡೆಯುತ್ತೇನೆ, ಉಳಿದದ್ದು ಮುಂದಿನ ಪುಟಕ್ಕೆ ಹೋಗುತ್ತದೆ.

ಉತ್ತರ ಬರೆಯುವಾಗಲೇ ಅದರ ಪಕ್ಕದಲ್ಲಿ ಖಚಿತ, ಅರೆಖಚಿತ, ಊಹೆ ಎಂದು ಗುರುತು ಹಾಕಿಕೊಳ್ಳಿ. ಖಚಿತ ಎಂದು ಬರೆದು ತಪ್ಪಾದ ಉತ್ತರಗಳೇ ನಿಮ್ಮ ಪಾಲಿನ ಚಿನ್ನ. ಐನ್‌ಸ್ಟೈನ್ ಅವರಿಗೆ 1921ನೇ ಸಾಲಿನ ನೊಬೆಲ್ ಸಾಪೇಕ್ಷತಾ ಸಿದ್ಧಾಂತಕ್ಕೆ ಬಂದಿತೆಂದು ನಾನು ಒಂದಿಷ್ಟೂ ಅಳುಕದೆ ಬರೆದಿದ್ದೆ. ಪ್ರಶಸ್ತಿಯಲ್ಲಿ ವಿಶೇಷವಾಗಿ ಹೆಸರಿಸಿದ್ದು ದ್ಯುತಿವಿದ್ಯುತ್ ಪರಿಣಾಮದ, ಅಂದರೆ ಬೆಳಕು ಬಿದ್ದಾಗ ಲೋಹದಿಂದ ಎಲೆಕ್ಟ್ರಾನುಗಳು ಹೊರಬೀಳುವುದರ, ನಿಯಮವನ್ನು. ಅತಿ ಬಿಸಿಯಾದ ಗ್ರಹ ಸೂರ್ಯನಿಗೆ ಹತ್ತಿರದ ಬುಧ ಎಂದೂ ಅಷ್ಟೇ ಖಚಿತವಾಗಿ ಬರೆದಿದ್ದೆ. ದಟ್ಟವಾದ ಇಂಗಾಲದ ಡೈಆಕ್ಸೈಡಿನ ಹೊದಿಕೆ ಶಾಖವನ್ನು ಹಿಡಿದಿಟ್ಟುಕೊಳ್ಳುವುದರಿಂದ ಆ ಸ್ಥಾನ ಶುಕ್ರನದು. ಇವೆರಡನ್ನೂ ಮುಂದೆ ನಾನು ಮರೆತದ್ದೇ ಇಲ್ಲ. ಇದು ನನ್ನೊಬ್ಬನ ಅನುಭವವಲ್ಲ: ಬಲವಾಗಿ ನಂಬಿ ಹೇಳಿದ ತಪ್ಪನ್ನು ತಿದ್ದಿದರೆ, ಅಳುಕುತ್ತ ಹೇಳಿದ ತಪ್ಪಿನ ತಿದ್ದುಪಡಿಗಿಂತ ಅದು ಚೆನ್ನಾಗಿ ಮನಸ್ಸಿನಲ್ಲಿ ಕೂರುತ್ತದೆ ಎಂಬುದನ್ನು ಬಟರ್‌ಫೀಲ್ಡ್ ಮತ್ತು ಮೆಟ್ಕಾಫ್ ಎಂಬ ಸಂಶೋಧಕರು 2001ರಲ್ಲೇ ತೋರಿಸಿದ್ದಾರೆ.

ಬಿಡಿಬಿಡಿಯಾಗಿ ಉರುಹೊಡೆದದ್ದು ಉದುರಿಹೋಗುತ್ತದೆ, ಕಾರಣದೊಂದಿಗೆ ಕಲಿತದ್ದು ಉಳಿಯುತ್ತದೆ. ಆಸ್ಟ್ರೇಲಿಯಾದ ರಾಜಧಾನಿ ಸಿಡ್ನಿ ಎಂದು ಬರೆದು ಎಷ್ಟು ಮಂದಿ ಅಂಕ ಕಳೆದುಕೊಂಡಿದ್ದಾರೋ! 1901ರಲ್ಲಿ ಒಕ್ಕೂಟ ಸ್ಥಾಪನೆಯಾದಾಗ ಸಿಡ್ನಿ, ಮೆಲ್ಬರ್ನ್ ಎರಡೂ ರಾಜಧಾನಿಯ ಪಟ್ಟಕ್ಕೆ ಪಟ್ಟು ಹಿಡಿದವು. ಇಬ್ಬರ ಜಗಳ ಮೂರನೆಯವರಿಗೆ ಲಾಭ ಎಂಬಂತೆ ಕ್ಯಾನ್ಬೆರಾ ಎಂಬ ಹೊಸ ನಗರವನ್ನೇ ಕಟ್ಟಲಾಯಿತು, ಸಂಸತ್ತು 1927ರಲ್ಲಿ ಅಲ್ಲಿಗೆ ಬಂದಿತು. ಈ ಕಥೆ ತಿಳಿದವರಿಗೆ, ಬ್ರೆಜಿಲ್‌ನ ರಾಜಧಾನಿ 1960ರಲ್ಲಿ ರಿಯೋ ಡಿ ಜನೈರೋದಿಂದ ಒಳನಾಡಿನ ಬ್ರೆಸಿಲಿಯಾಕ್ಕೂ, ನೈಜೀರಿಯಾದ್ದು 1991ರಲ್ಲಿ ಲಾಗೋಸ್‌ನಿಂದ ದೇಶದ ನಡುಭಾಗದ ಅಬುಜಾಕ್ಕೂ ಹೋದದ್ದನ್ನು ಅದರ ಪಕ್ಕದಲ್ಲಿ ಜೋಡಿಸಿಡುವುದು ಕಷ್ಟವಾಗುವುದಿಲ್ಲ.

ಪುಸ್ತಕದ ಬಗ್ಗೆ ಇನ್ನೊಂದು ಎಚ್ಚರಿಕೆ: ಅದು ಅಚ್ಚಾದ ವರ್ಷವನ್ನು ನೋಡಿ. ಅತಿ ಹೆಚ್ಚು ಉಪಗ್ರಹಗಳಿರುವ ಗ್ರಹದ ಸ್ಥಾನ 2023ರಲ್ಲಿ ಗುರುವಿನಿಂದ ಶನಿಗೆ ಹೋಯಿತು, 2025ರ ಮಾರ್ಚ್‌ನಲ್ಲಿ ಶನಿಯ ಲೆಕ್ಕ 274ಕ್ಕೆ ಏರಿತು. ಕಜಕಸ್ತಾನದ ರಾಜಧಾನಿ ಅಸ್ತಾನಾ 2019ರಲ್ಲಿ ನೂರ್‌ಸುಲ್ತಾನ್ ಆಗಿ, 2022ರಲ್ಲಿ ಮತ್ತೆ ಅಸ್ತಾನಾ ಆಯಿತು.

ಪ್ರಶ್ನೆಯನ್ನು ನಿಧಾನವಾಗಿ ಓದುವುದರಲ್ಲೂ ಅಂಕವಿದೆ. ಒಳ್ಳೆಯ ಪ್ರಶ್ನೆಕಾರರು ಒಂದು ಪದವನ್ನೂ ದಂಡಮಾಡುವುದಿಲ್ಲ. “1898ರಲ್ಲಿ ಪತ್ತೆಯಾದ, ಆಗ ಸ್ವತಂತ್ರವಾಗಿರದಿದ್ದ ದೇಶವೊಂದರ ಹೆಸರು ಹೊತ್ತ ಧಾತು ಯಾವುದು?” ಎಂಬ ಪ್ರಶ್ನೆಯನ್ನು ತೆಗೆದುಕೊಳ್ಳಿ. ದೇಶದ ಹೆಸರಿನ ಧಾತುಗಳೆಂದರೆ ಜರ್ಮೇನಿಯಂ, ಫ್ರಾನ್ಸಿಯಂ, ಪೊಲೋನಿಯಂ ನೆನಪಿಗೆ ಬರುತ್ತವೆ. ಜರ್ಮನಿ, ಫ್ರಾನ್ಸ್ ಆಗ ಸ್ವತಂತ್ರ ದೇಶಗಳೇ ಆಗಿದ್ದವು. ನೆರೆಯ ಸಾಮ್ರಾಜ್ಯಗಳು ಹಂಚಿಕೊಂಡಿದ್ದ ಪೋಲೆಂಡ್ ಮರಳಿ ಸ್ವತಂತ್ರವಾದದ್ದು 1918ರಲ್ಲಿ. ಉತ್ತರ ಪೊಲೋನಿಯಂ, ಹೆಸರಿಟ್ಟವರು ಪೋಲೆಂಡಿನಲ್ಲಿ ಹುಟ್ಟಿದ ಮೇರಿ ಕ್ಯೂರಿ ಮತ್ತು ಅವರ ಪತಿ ಪಿಯರ್. ವರ್ಷ ನೆನಪಿಲ್ಲದವರೂ ತಲುಪಬಹುದಾದ ಉತ್ತರ ಇದು, ರಸಪ್ರಶ್ನೆಯಲ್ಲಿ ನನಗೆ ಇದಕ್ಕಿಂತ ದೊಡ್ಡ ಸಂತೋಷ ಬೇರೊಂದಿಲ್ಲ.

ಊಹೆಯ ವಿಷಯದಲ್ಲಿ ಸಣ್ಣ ಲೆಕ್ಕ ಸಾಕು. ತಪ್ಪಿಗೆ ಅಂಕ ಕಳೆಯದಿದ್ದರೆ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ನಾಲ್ಕು ಆಯ್ಕೆಗಳಿದ್ದು ಪ್ರತಿ ತಪ್ಪಿಗೆ ಮೂರನೇ ಒಂದು ಅಂಕ ಕಳೆಯುವ ನಿಯಮವಿದ್ದರೆ, ಕಣ್ಣುಮುಚ್ಚಿ ಊಹಿಸುವುದರಿಂದ ಸರಾಸರಿಯಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ಒಂದು ಆಯ್ಕೆ ಖಂಡಿತ ಅಲ್ಲವೆಂದು ತಿಳಿದರೂ ಊಹೆ ಲಾಭದ ಕಡೆಗೆ ವಾಲುತ್ತದೆ. ಮೊದಲು ಹೊಳೆದದ್ದನ್ನು ಬದಲಿಸಬಾರದು ಎಂಬ ಮಾತನ್ನೂ ಪೂರ್ತಿ ನಂಬಬೇಡಿ. ಕ್ರೂಗರ್ ಎಂಬ ಸಂಶೋಧಕರು ಮತ್ತು ಸಂಗಡಿಗರು ಪರೀಕ್ಷೆಯ ಹಾಳೆಗಳಲ್ಲಿ ಅಳಿಸಿ ಬರೆದ ಗುರುತುಗಳನ್ನು ಎಣಿಸಿ 2005ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ತಪ್ಪಿನಿಂದ ಸರಿಗೆ ಹೋದ ತಿದ್ದುಪಡಿಗಳು ಸರಿಯಿಂದ ತಪ್ಪಿಗೆ ಹೋದವುಗಳ ಸುಮಾರು ಎರಡರಷ್ಟಿದ್ದವು. ಎರಡನೇ ಓದಿನಲ್ಲಿ ಹೊಸ ಕಾರಣವೊಂದು ಕಂಡರೆ ತಿದ್ದಿ. ಕಾರಣವಿಲ್ಲದ ಬರಿಯ ಅಳುಕಾದರೆ ಬರೆದದ್ದನ್ನು ಹಾಗೆಯೇ ಬಿಡಿ.