ಚಂದ್ರನ ಮೇಲೆ ತೂಕ ಕಡಿಮೆಯಾದರೆ ದ್ರವ್ಯರಾಶಿಯೂ ಕಡಿಮೆಯಾಗುತ್ತಾ?

ಇಲ್ಲ, ತೂಕ ಮಾತ್ರ ಕಡಿಮೆಯಾಗುತ್ತದೆ.

ದ್ರವ್ಯರಾಶಿ, ಅಂದರೆ ವಸ್ತುವಿನಲ್ಲಿ ಎಷ್ಟು ದ್ರವ್ಯ ಇದೆ ಅನ್ನೋದು, ಎಲ್ಲಿಗೆ ಹೋದರೂ ಅಷ್ಟೇ, ಅದರ ಅಳತೆ ಕಿಲೋಗ್ರಾಂ. ತೂಕ ಅನ್ನೋದು ಒಂದು ಬಲ, ಗುರುತ್ವ ಆ ವಸ್ತುವನ್ನು ಎಳೆಯುವ ಬಲ, ಹಾಗಾಗಿ ಅದನ್ನು ಬಲದ ಅಳತೆಯಾದ ನ್ಯೂಟನ್‌ನಲ್ಲಿ ಹೇಳಬೇಕು. ತಕ್ಕಡಿ ನೋಡಿ ಸುಮ್ನೆ ‘ತೂಕ ಇಷ್ಟು ಕೆಜಿ’ ಅಂತೀವಲ್ವಾ, ಗೊಂದಲ ಶುರುವಾಗೋದೇ ಅಲ್ಲಿ.

10 ಕೆಜಿಯ ಕಬ್ಬಿಣದ ಗುಂಡು ತಗೊಳ್ಳಿ. ಭೂಮಿಯ ಗುರುತ್ವ ಪ್ರತಿ ಕೆಜಿಯನ್ನು ಸುಮಾರು 9.8 ನ್ಯೂಟನ್ ಬಲದಿಂದ ಎಳೆಯುತ್ತೆ, ಹಾಗಾಗಿ ಇಲ್ಲಿ ಅದರ ತೂಕ 10 × 9.8, ಅಂದರೆ 98 ನ್ಯೂಟನ್. ಗುರುತ್ವ ಕಡಿಮೆ ಇರುವ ಚಂದ್ರನಲ್ಲಿ ಸುಮಾರು 16 ನ್ಯೂಟನ್, ಒಂದೇ ಕೈಯಲ್ಲಿ ಸಲೀಸಾಗಿ ಎತ್ತಬಹುದು. ಆದರೆ ಅದನ್ನೇ ಘರ್ಷಣೆ ಇಲ್ಲದ ನುಣುಪು ನೆಲದ ಮೇಲಿಟ್ಟು ಪಕ್ಕಕ್ಕೆ ತಳ್ಳಿದರೆ, ಅದರ ವೇಗ ಪ್ರತಿ ಸೆಕೆಂಡಿಗೆ 1 ಮೀಟರ್/ಸೆಕೆಂಡ್‌ನಷ್ಟು ಏರುತ್ತಾ ಹೋಗೋಕೆ ಇಲ್ಲೂ 10 ನ್ಯೂಟನ್ ಬೇಕು, ಅಲ್ಲೂ 10 ನ್ಯೂಟನ್ನೇ ಬೇಕು, ಯಾಕಂದ್ರೆ ತಳ್ಳುವಾಗ ಕೈಗೆ ಎದುರಾಗೋದು ದ್ರವ್ಯರಾಶಿ, ತೂಕ ಅಲ್ಲ.