ದಂಡ ಹಾಕಿದರೂ ತಡ ಮಾಡುತ್ತಾರೆ, ಏನು ಮಾಡಲಿ?

ಪ್ರಶ್ನೆ: ನನ್ನ ಕೈಕೆಳಗೆ ಎಂಟು ಜನ ಕೆಲಸ ಮಾಡುತ್ತಾರೆ. ತಡವಾಗಿ ಬಂದವರಿಗೆ ದಂಡ ಹಾಕಲು ಶುರು ಮಾಡಿದೆ. ಈಗ ಮೊದಲಿಗಿಂತ ಜಾಸ್ತಿ ತಡ ಮಾಡುತ್ತಾರೆ. ಸಂಜೆ ಹೋಗುವಾಗ ಎಲ್ಲರ ಬ್ಯಾಗನ್ನೂ ನೋಡಿ ಕಳಿಸುತ್ತೇನೆ. ಯಾರಿಗೂ ಕೆಲಸದಲ್ಲಿ ಮನಸ್ಸಿಲ್ಲ. ಇನ್ನೂ ಬಿಗಿ ಮಾಡಬೇಕೆ?

ಉತ್ತರ: ಬೇಡ, ದಯವಿಟ್ಟು ಬೇಡ. ಇಸ್ರೇಲಿನ ಹೈಫಾದ ಶಿಶುವಿಹಾರಗಳಲ್ಲಿ ಆಗಿದ್ದೂ ಇದೇ. ಸಂಜೆ ಮಕ್ಕಳನ್ನು ಕರೆದೊಯ್ಯಲು ಕೆಲವರು ತಡವಾಗಿ ಬರುತ್ತಿದ್ದರು. ಗ್ನೀಜಿ ಮತ್ತು ರುಸ್ಟಿಕಿನಿ ಎಂಬ ಅರ್ಥಶಾಸ್ತ್ರಜ್ಞರು 10 ಶಿಶುವಿಹಾರಗಳ ಪೈಕಿ 6ರಲ್ಲಿ ದಂಡ ಹಾಕಿಸಿ ನೋಡಿದರು. ತಡ ಮಾಡುವವರು ಹೆಚ್ಚುಕಡಿಮೆ ಎರಡರಷ್ಟಾದರು. ದಂಡ ತೆಗೆದ ಮೇಲೂ ಕಡಿಮೆಯಾಗಲಿಲ್ಲ. 2000ದಲ್ಲಿ ಇದನ್ನು ಅವರು ಪ್ರಕಟಿಸಿದರು. 'ಪಾಪ, ಟೀಚರ್ ಕಾಯ್ತಿರ್ತಾರೆ' ಅನ್ನುವ ಸಂಕೋಚ ಮೊದಲು ಇದ್ದಿರಬೇಕು. ದುಡ್ಡು ಕಟ್ಟಿದ ಮೇಲೆ ಸಂಕೋಚ ಯಾಕೆ, ಅಲ್ವಾ?

ನನಗೆ ಜಾಸ್ತಿ ಬೇಸರವಾದದ್ದು ಬ್ಯಾಗಿನ ವಿಷಯಕ್ಕೆ. 22ನೇ ವಯಸ್ಸಿನಲ್ಲಿ ನಾನೊಂದು ಗೋದಾಮಿನಲ್ಲಿ ಕೆಲಸಕ್ಕಿದ್ದೆ. ದಿನಾ ಸಂಜೆ ಗೇಟಿನಲ್ಲಿ ಖಾಲಿ ಊಟದ ಡಬ್ಬಿಯ ಮುಚ್ಚಳವನ್ನೂ ತೆಗೆಸುತ್ತಿದ್ದರು. ಏನೂ ಕದಿಯದ ನನ್ನ ಕೈ ಆಗ ನಡುಗುತ್ತಿತ್ತು. ಒಮ್ಮೆ ಮಳೆನೀರು ಒಳಗೆ ಬಂದು ಮೂಟೆಗಳು ನೆನೆಯುತ್ತಿದ್ದವು. ಕಂಡರೂ ಸುಮ್ನೆ ಇದ್ದೆ. ನೆನೆಸಿಕೊಂಡರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮುಂದೆ ಬೇರೆ ಕಡೆ ಸೇರಿದೆ. ಎರಡನೇ ವಾರ ಅಲ್ಲಿನ ಹಿರಿಯರೊಬ್ಬರು ಉಗ್ರಾಣದ ಬೀಗದ ಕೈ ಕೊಟ್ಟು, 'ನಾಳೆ ನೀನೇ ತೆಗಿಯಪ್ಪಾ' ಎಂದರು. ಅಷ್ಟೇ. ಆ ರಾತ್ರಿ ಎರಡು ಸಲ ಎದ್ದು ಜೇಬು ಮುಟ್ಟಿ ನೋಡಿಕೊಂಡೆ. ಅಲ್ಲಿ ಒಂದು ದಿನವೂ ತಡವಾಗಿ ಹೋಗಲಿಲ್ಲ. ಯಾರೂ ಹೇಳದೆ ದಾಸ್ತಾನಿನ ಲೆಕ್ಕ ಬರೆಯುವುದನ್ನೂ ಕಲಿತೆ.

ಲೆಕ್ಕ ನೋಡಬೇಡಿ ಎನ್ನುತ್ತಿಲ್ಲ. ವಾರಕ್ಕೊಮ್ಮೆ ಎಲ್ಲರೆದುರು ನೋಡಿ, ನಿಮ್ಮ ಕೈಲಿರುವುದರ ಲೆಕ್ಕವನ್ನೂ ಸೇರಿಸಿ. ಅದರಿಂದ ಯಾರಿಗೂ ಅವಮಾನವಾಗುವುದಿಲ್ಲ. ತಪ್ಪು ಕಂಡಾಗ ಹೇಳುವ ಹಕ್ಕೂ ಅವರಿಗಿರಲಿ. ಟೊಯೋಟಾ ಕಾರ್ಖಾನೆಯಲ್ಲಿ ದೋಷ ಕಂಡರೆ ಸಾಮಾನ್ಯ ಕೆಲಸಗಾರನೂ ಹಗ್ಗ ಎಳೆದು ಕೆಲಸ ನಿಲ್ಲಿಸಬಹುದು. ನನಗೆ ಅಂಥ ಹಗ್ಗವಿದ್ದಿದ್ದರೆ ಆ ಮೂಟೆಗಳು ಉಳಿಯುತ್ತಿದ್ದವೇನೋ.

ಹೈಫಾದಲ್ಲಿ ಆದಂತೆ, ಬರೀ ದಂಡ ತೆಗೆದರೆ ಸಾಲದು. ಎಂಟೂ ಜನರನ್ನು ಕೂರಿಸಿಕೊಂಡು 'ನಿಮ್ಮ ಬ್ಯಾಗ್ ನೋಡಿದ್ದು ನನ್ನ ತಪ್ಪು' ಎಂದು ಬಾಯಿಬಿಟ್ಟು ಹೇಳಿ. ಕಷ್ಟವಾಗುತ್ತದೆ, ಆದರೂ ಹೇಳಿ. ಆಮೇಲೆ ಯಾರು ಎಲ್ಲರಿಗಿಂತ ತಡವಾಗಿ ಬರುತ್ತಾರೋ ಅವರನ್ನು ಕರೆದು, ಯಾಕೆ ತಡವಾಗುತ್ತದೆ ಎಂದು ಮೊದಲು ಕೇಳಿ. ಆಗುವ ಹಾಗಿದ್ದರೆ ಬೆಳಗ್ಗೆ ಬಾಗಿಲು ತೆಗೆಯುವ ಕೆಲಸ ಅವರಿಗೇ ಕೊಡಿ. ಬೀಗದ ಕೈ ಕೊಡುವಾಗ ಉಪದೇಶ ಬೇಡ. ಒಂದು ತಿಂಗಳು ಬಿಟ್ಟು ಏನಾಯಿತೆಂದು ಬರೆಯಿರಿ, ಕಾಯುತ್ತಿರುತ್ತೇನೆ.